ನೂರಾ ಇಪ್ಪತ್ತು ರೂಪಾಯಿಯ ಖಾಕಿ

ಕಾಲೇಜಿನ ನಾಲ್ಕು ವರ್ಷಗಳಲ್ಲಿ ವಸ್ತುಗಳು ಹೇಗೆ ಉರಿಯುತ್ತವೆ ಎಂಬುದನ್ನು ನನಗೆ ಸಾಕಷ್ಟು ಕಲಿಸಿದರು. ಗಂಧಕ ನೀಲಿಯಾಗಿ ಉರಿಯುತ್ತದೆ, ಸೋಡಿಯಂ ಹಳದಿಯಾಗಿ, ಮೆಗ್ನೀಷಿಯಂ ಕಣ್ಣು ಕುಕ್ಕುವಂತೆ. ಆರಿಸುವುದು ಹೇಗೆಂದು ಯಾರೂ ಹೇಳಲಿಲ್ಲ. ಪರೀಕ್ಷೆಯಲ್ಲೂ ಕೇಳಲಿಲ್ಲ. ಆದ್ದರಿಂದ ನಾನು ಎರಡನೇ ದರ್ಜೆಯಲ್ಲಿ ಪಾಸಾದೆ.

ಆಮೇಲೆ ಒಂದು ವರ್ಷ ಸಿಂದಗಿಯಲ್ಲಿ ಹತ್ತಿಯ ಬೀಜ ಬಿಡಿಸುವ ಜಿನ್ನಿನಲ್ಲಿ ತೂಕ ಬರೆಯುತ್ತಿದ್ದೆ. ಹತ್ತಿಯಲ್ಲಿ ಒಂದು ಮೊಳೆಯೋ ಹರಳೋ ಸೇರಿ ಯಂತ್ರಕ್ಕೆ ತಾಗಿ ಕಿಡಿ ಹಾರಿದರೆ, ನೂರು ಜನ ಒಮ್ಮೆಲೇ ಕೂಗುತ್ತಿದ್ದರು. ಕೂಗಿನಿಂದ ಬೆಂಕಿ ಆರಿದ್ದನ್ನು ನಾನು ನೋಡಲಿಲ್ಲ. ೧೯೬೧ರ ಏಪ್ರಿಲ್‌ನಲ್ಲಿ, ಜಿನ್ನಿಗೆ ಬಂದ ಹಳೆಯ ಪತ್ರಿಕೆಯೊಂದರಲ್ಲಿ, ನಾಗಪುರದಲ್ಲಿ ಬೆಂಕಿ ಆರಿಸುವುದನ್ನು ಕಲಿಸುವ ಸರಕಾರಿ ಕಾಲೇಜೊಂದಿದೆ ಎಂದು ಓದಿದೆ. ಕಾಗದ ಬರೆದು ನಿಯಮಗಳನ್ನು ತರಿಸಿದೆ. ಒಂದು ಹಾಳೆಯ ಮೇಲೆ ಖರ್ಚನ್ನು ಬರೆದೆ. ಫೀ ಮುನ್ನೂರು. ಖಾಕಿ ಬಟ್ಟೆ, ಬೂಟು, ಟೋಪಿ, ಸೀಟಿ ಸೇರಿ ನೂರಾ ಇಪ್ಪತ್ತು. ಒಂಬತ್ತು ತಿಂಗಳ ಊಟಕ್ಕೆ ನಾನೂರಾ ತೊಂಬತ್ತೈದು. ರೈಲು, ವೈದ್ಯರ ಪರೀಕ್ಷೆ, ಇತರೆ ಅರವತ್ತೈದು. ಒಟ್ಟು ಒಂಬೈನೂರಾ ಎಂಬತ್ತು.

ಇದೇ ವೇಳೆಗೆ ಬಸವನ ಬಾಗೇವಾಡಿಯ ಒಂದು ಸಾಲಿಯಲ್ಲಿ ಹೆಡ್‌ಮಾಸ್ತರರಾಗಿದ್ದ ಪರಮಾನಂದ ಅವರು ವಿಜ್ಞಾನ ಕಲಿಸಲು ಬಾ ಎಂದು ಕರೆದಿದ್ದರು. ಭತ್ಯೆ ಸೇರಿ ತಿಂಗಳಿಗೆ ನೂರಾ ಹತ್ತು. ಜೂನ್ ಒಂದರೊಳಗೆ ಉತ್ತರ ಹೇಳಬೇಕು. ನಾಗಪುರದಲ್ಲಿ ಕಲಿತವನಿಗೆ ನೂರಾ ಅರವತ್ತು ಸಿಗುತ್ತದೆ ಎಂದು ಕೇಳಿದ್ದೆ. ಆದರೆ ಅದು ಮುಂಬಯಿಯಲ್ಲಿ, ಇಲ್ಲವೆ ಉಕ್ಕಿನ ಕಾರಖಾನೆಗಳಿರುವ ದೂರದ ಊರುಗಳಲ್ಲಿ. ಖರ್ಚಾಗುವ ಹಣ, ಒಂಬತ್ತು ತಿಂಗಳು ಕೈಬಿಡುವ ಸಂಬಳ, ಎರಡೂ ಸೇರಿ ಒಂದು ಸಾವಿರದ ಒಂಬೈನೂರಾ ಎಪ್ಪತ್ತು ಆಗುತ್ತಿತ್ತು. ತಿಂಗಳಿಗೆ ಐವತ್ತು ಹೆಚ್ಚು ಸಂಬಳದಂತೆ ಹಿಡಿದರೆ ಮೂರು ವರ್ಷ ನಾಲ್ಕು ತಿಂಗಳಲ್ಲಿ ಸರಿಹೋಗುತ್ತದೆ. ಮುಂಬಯಿಯಲ್ಲಿ ಊಟಕ್ಕೆ ಮೂವತ್ತು ಹೆಚ್ಚಿಗೆ ಬಿದ್ದರೆ ಎಂಟು ವರ್ಷ ಬೇಕು. ಎರಡು ಉತ್ತರಗಳನ್ನೂ ಹಾಳೆಯ ಕೆಳಗೆ ಬರೆದೆ. ಯಾವುದನ್ನೂ ಹೊಡೆದುಹಾಕಲಿಲ್ಲ. ನನಗೆ ನಾಗಪುರಕ್ಕೆ ಹೋಗುವುದಿತ್ತು.

ಹಣ ಇದ್ದದ್ದು ಒಂದೇ ರೂಪದಲ್ಲಿ: ಬಿಳ್ಯಾ ಮತ್ತು ಮೋತ್ಯಾ. ಇವು ನಮ್ಮ ಆಯಿಯ ಎತ್ತುಗಳು. ಆಯಿ ಎಂದರೆ ನನ್ನ ಅಪ್ಪನ ತಾಯಿ ಮಾಬುಬಿ. ಅಪ್ಪ ಜ್ವರದಿಂದ ತೀರಿಕೊಂಡ ಮೇಲೆ ಮನೆ ನಡೆದದ್ದು ಆ ಎತ್ತುಗಳ ಬಂಡಿಯಿಂದ. ಬಂಡಿ ಹೊಡೆಯುತ್ತಿದ್ದವನು ಆಯಿಯ ಕಿರಿಯ ಮಗ, ನನ್ನ ಕಾಕಾ ಮೈಬೂಬ. ಜೋಡಿಗೆ ಸಾವಿರದ ಹತ್ತಿರ ಬರುತ್ತಿತ್ತು.

ನಾನು ಹಾಳೆಯನ್ನು ಓದಿ ಹೇಳಿದೆ. ಆಯಿ ಮೊರದಲ್ಲಿ ತೊಗರಿ ಹಸನು ಮಾಡುತ್ತಿದ್ದಳು.

“ಏನ್ ಡಿಗ್ರಿ ಇದು?”

“ಬೆಂಕಿ ಆರಿಸೋದು, ಆಯಿ.”

“ನೀರು ಹಾಕಿದ್ರ ಆರತೈತಿ. ಅದಕ್ಕ ನಾಗಪುರಕ್ಕ ಯಾಕ ಹೋಗಬೇಕು?”

“ಅಲ್ಲೀ ನೀರು ಬ್ಯಾರೆ ಇರಬೇಕವ್ವಾ,” ಎಂದ ಕಾಕಾ.

“ಎಲ್ಲಾ ಬೆಂಕಿಗೂ ನೀರು ನಡ್ಯಂಗಿಲ್ಲ ಆಯಿ. ಎಣ್ಣಿಗಿ ಹತ್ತಿದ್ರ ನೀರು ಹಾಕಬಾರ್ದು.”

“ಹೊತ್ತಿ ಉರ್ಯೋವಷ್ಟು ಎಣ್ಣಿ ನಮ್ಮ ಮನ್ಯಾಗ ಯಾವಾಗ ಇತ್ತು?” ಆಯಿ ಒಂದು ಹರಳನ್ನು ಆರಿಸಿ ಹೊರಗೆಸೆದಳು. “ಈ ನೂರಾ ಇಪ್ಪತ್ತು ಯಾತಕ್ಕಂದಿ?”

“ಖಾಕಿ ಬಟ್ಟಿಗಿ.”

“ಬಟ್ಟಿ ನೋಡಿ ಆರೂ ಬುದ್ಧಿ ಬೆಂಕಿಗಿ ಐತೇನು?”

 ಕಾಲೇಜು ಕಳಿಸಿದ ನಿಯಮಗಳಲ್ಲಿ ಇದಕ್ಕೆ ಉತ್ತರವಿರಲಿಲ್ಲ.

ಆಯಿ ಮೊರ ಕೆಳಗಿಟ್ಟಳು. “ಮುಂಬೈ ಮಂದಿ ಬೆಂಕಿ ಆರಿಸಾಕ ನನ್ನ ಎತ್ತು ಮಾರಂಗಿಲ್ಲ. ಈ ಎತ್ತು ದುಡದದ್ದು ಇಂಡಿ, ಸಿಂದಗಿ, ಬಾಗೇವಾಡಿ, ಮುದ್ದೇಬಿಹಾಳ, ಈ ನಾಕು ತಾಲೂಕಿನ ಹಾದ್ಯಾಗ. ಈ ನಾಕರಾಗ ನಿನ್ನ ಡಿಗ್ರಿಗಿ ಕೆಲಸ ಐತೇನು, ನೋಡಿ ಬಾ. ಇದ್ರ ಮಾರ್ತೇನಿ. ಇಲ್ಲಂದ್ರ ಸುಮ್ನ ಬಾಗೇವಾಡಿ ಸಾಲಿಗಿ ಹೋಗು.”

ಷರತ್ತು ನ್ಯಾಯವಾಗಿತ್ತು, ಮತ್ತು ಅಳೆಯಬಹುದಾಗಿತ್ತು. ಒಂದು ಊರಿನಲ್ಲಿ ವರ್ಷಕ್ಕೆ ಎಷ್ಟು ಬೆಂಕಿ ಬೀಳುತ್ತದೆ, ಅದರಿಂದ ಎಷ್ಟು ನಷ್ಟ, ಅದರಲ್ಲಿ ಎಷ್ಟನ್ನು ಕಲಿತವನೊಬ್ಬ ಉಳಿಸಬಹುದು. ಇಷ್ಟು ಗೊತ್ತಾದರೆ ಸಾಕು. ಜಿನ್ನಿನ ಹಂಗಾಮು ಮುಗಿದು ಬಂಡಿ ಖಾಲಿಯಿತ್ತು. ಕಾಕಾ ತಾನೇ ಕರೆದೊಯ್ಯುತ್ತೇನೆಂದ. ಹೀಗೆ ಮೇ ತಿಂಗಳ ಎರಡನೇ ವಾರ ಬಿಳ್ಯಾ ಮತ್ತು ಮೋತ್ಯಾ ತಮ್ಮನ್ನು ಮಾರಬೇಕೋ ಬಾರದೋ ಎಂಬ ಲೆಕ್ಕವನ್ನು ಎಳೆದುಕೊಂಡು ಹೊರಟವು.

ಇಂಡಿಯ ಕಡೆಯ ಮೊದಲ ಊರಿನಲ್ಲಿ ಯಂಕಪ್ಪನೆಂಬ ಹಿರಿಯ ರೈತ ನಮಗೆ ನೀರು, ಬೆಲ್ಲ ಕೊಟ್ಟು ಮಾತಿಗೆ ಕೂತ. ನಾನು ಪ್ಯಾಂಟು ತೊಟ್ಟಿದ್ದೆ. ಕೈಯಲ್ಲಿ ಬರೆದುಕೊಳ್ಳುವ ವಹಿ ಇತ್ತು. ಹೋದ ವರ್ಷ ಊರಲ್ಲಿ ಎಷ್ಟು ಸಲ ಬೆಂಕಿ ಬಿತ್ತು ಎಂದು ಕೇಳಿದೆ.

“ನಮ್ಮೂರಾಗ ಬೆಂಕಿ?” ಎಂದ ಯಂಕಪ್ಪ. “ಒಲ್ಯಾಗ ಹತ್ತಿದ್ರ ಸಾಕಾಗೇತ್ರಿ.”

ಅವನ ಹಿಂದೆ, ಹಿತ್ತಿಲಲ್ಲಿ, ಬಂಡಿಯೊಂದು ತಿರುಗುವಷ್ಟು ಅಗಲದ ಕರಿಯ ಗುರುತು ಇತ್ತು.

“ಅದೇನ್ರಿ, ಕರ್ರಗ ಕಾಣೂದು?”

ಯಂಕಪ್ಪ ತಿರುಗಿ ನೋಡಿದ. ಮೊದಲ ಸಲ ನೋಡುತ್ತಿರುವವನಂತೆ ಬಹಳ ಹೊತ್ತು ನೋಡಿದ. “ನೆಳ್ಳು,” ಎಂದ.

“ಯಾವುದರದ್ರಿ?”

“ಮೊದಲ ಅಲ್ಲೊಂದು ಮೇವಿನ ಬಣವಿ ಇತ್ತು. ಅದರದು.”

ಮೇಲಿನಿಂದ ಸೂರ್ಯ ನೆಟ್ಟಗೆ ಸುಡುತ್ತಿದ್ದ. ನಾನು ವಹಿಯಲ್ಲಿ ಸೊನ್ನೆ ಬರೆದೆ.

ಬಂಡಿಯಲ್ಲಿ ಕೂತ ಮೇಲೆ ಕಾಕಾ ವಿವರಿಸಿದ. “ಬೆಂಕಿ ಬಿದ್ದೈತಿ ಅಂತ ಬರೆಸಿದ್ರ ಪೊಲೀಸ್ ಫೌಜದಾರ ಬರ್ತಾನ, ಪಂಚನಾಮಿ ಆಗ್ತೈತಿ. ಬಣವಿ ಸುಟ್ರ ಮೇವು ಅಷ್ಟ ಹೋಗ್ತೈತಿ. ಪಂಚನಾಮಿ ಆದ್ರ ಕೋಳಿನೂ ಹೋಗ್ತಾವ. ನಿನ್ನ ಪ್ಯಾಂಟು ನೋಡಿದ್ಯಾ?”

ಮರುದಿನ ಧೋತರ ಉಟ್ಟುಕೊಂಡೆ. ವಹಿಯನ್ನು ಮಾತ್ರ ಬಿಡಲಾಗಲಿಲ್ಲ. ಇಂಡಿ, ಸಿಂದಗಿ ತಾಲೂಕುಗಳ ಆರು ಊರುಗಳಲ್ಲಿ ಒಟ್ಟು ಬೆಂಕಿ ಸೊನ್ನೆ. ಆರು ಊರುಗಳಲ್ಲಿ ನಾನು ಕಂಡ ಕರಿಯ ನೆರಳುಗಳು ಹದಿನಾಲ್ಕು.

ನಮಗಿಂತ ಮುಂಚೆ ನಮ್ಮ ಸುದ್ದಿ ಹೋಗುತ್ತಿತ್ತು; ಹೋಗುತ್ತ ಹೋಗುತ್ತ ಬದಲಾಗುತ್ತಿತ್ತು. ಮಸೂತಿ ಎಂಬ ಊರು ದಾಟಿದರೆ ಬಾಗೇವಾಡಿ ತಾಲೂಕಿನಲ್ಲೇ ಒಂದು ಸಣ್ಣ ಊರಿದೆ. ಅದರ ಹೆಸರನ್ನು ಬರೆಯುವುದಿಲ್ಲ. ನಾವು ಅಲ್ಲಿಗೆ ಹೋಗುವಷ್ಟರಲ್ಲಿ, ಸುಟ್ಟ ಬಣವಿಗೆ ಸರಕಾರ ಐವತ್ತು ರೂಪಾಯಿ ಕೊಡುತ್ತದೆ, ಧೋತರ ಉಟ್ಟ ಸಾಹೇಬನೊಬ್ಬ ಬರೆದುಕೊಳ್ಳಲು ಬರುತ್ತಿದ್ದಾನೆ ಎಂದು ಊರಿಗೆಲ್ಲ ಗೊತ್ತಾಗಿತ್ತು. ಅಗಸಿ ಬಾಗಿಲಿನ ಕಟ್ಟೆಯ ಮೇಲೆ ಜನ ಕಾಯುತ್ತಿದ್ದರು.

“ನಂದು ಎರಡು ಬರ್ಕೋರಿ.”

“ಯಾವಾಗ ಸುಟ್ಟಿದ್ದು?”

“ನೀವ ಹೇಳ್ರಿ, ಯಾವಾಗಿಂದಾದ್ರ ನಡೀತೈತಿ?”

ಒಬ್ಬ ಮುದುಕ ತನ್ನ ಅಜ್ಜನ ಕಾಲದ ಬೆಂಕಿಯನ್ನು ಬರೆಸಿದ. ಮತ್ತೊಬ್ಬ ಮುಂಜಾನೆ ಒಂದು ಬಣವಿ ಬರೆಸಿ, ಮಧ್ಯಾಹ್ನ ತಲೆಯ ಪಟಗ ಬದಲಿಸಿಕೊಂಡು ಬಂದು ಅದನ್ನೇ ಬರೆಸಿದ. ನಾನು ಸರಕಾರದವನಲ್ಲ, ಹಣ ಕೊಡುವುದಿಲ್ಲ ಎಂದು ಮೂರು ಸಲ ಹೇಳಿದೆ. ಸರಕಾರದವರು ಯಾವಾಗಲೂ ಹಾಗೇ ಹೇಳುತ್ತಾರೆ ಎಂದು ಅವರು ಒಪ್ಪಿಕೊಂಡರು. ಸಂಜೆಗೆ ಲೆಕ್ಕ ಅರವತ್ತೊಂದು. ಊರಿನಲ್ಲಿ ಎತ್ತು ಕಟ್ಟಿದ ಮನೆಗಳು ಐವತ್ತೆಂಟು.

“ಆರೂರಾಗ ಸೊನ್ನಿ, ಒಂದೂರಾಗ ಅರವತ್ತೊಂದು,” ಎಂದ ಕಾಕಾ, ಎತ್ತಿನ ಕೊರಳ ಹಗ್ಗ ಬಿಚ್ಚುತ್ತ. “ನಿಮ್ಮ ಕಾಲೇಜಿನಾಗ ಇದಕ್ಕೇನಂತಾರ?”

“ಸರಾಸರಿ ತಗೀತಾರ.”

“ತಗದ್ರ?”

“ಎಂಟೂ ಮುಕ್ಕಾಲರ ಹತ್ರ.”

“ಛಲೋ ಆತು. ಊರಿಗಿ ಎಂಟೂ ಮುಕ್ಕಾಲು ಸುಳ್ಳು.”

ಮುದ್ದೇಬಿಹಾಳ ದಾಟಿ ತಂಗಡಗಿಗೆ ಬಂದಾಗ ನನ್ನ ವಹಿ ಅರ್ಧ ತುಂಬಿತ್ತು. ತಿಳಿದದ್ದು ಏನೂ ಇರಲಿಲ್ಲ. ತಂಗಡಗಿ ಹೊಳೆಯ ದಂಡೆಯ ಊರು. ನನ್ನ ಸೋದರತ್ತೆ ಜನ್ನತಬಿಯನ್ನು ಅಲ್ಲಿಗೆ ಕೊಟ್ಟಿದ್ದರು. ಕಾಕಾ ಎತ್ತುಗಳ ಮೈ ತೊಳೆಯಲು ಕೃಷ್ಣೆಗಿಳಿದ. ಅತ್ತೆ ರೊಟ್ಟಿ ಬಡಿಯುತ್ತ ನನ್ನ ಕಥೆ ಕೇಳಿದಳು. ಅರವತ್ತೊಂದಕ್ಕೆ ಬಂದಾಗ ನಗು ತಡೆಯಲಾಗದೆ ರೊಟ್ಟಿ ಹರಿಯಿತು.

“ಎಂಥಾ ಶ್ಯಾಣ್ಯಾ ಅದೀಯೋ ಜೈನೂ! ಯಾರದು ಸುಟ್ಟೈತಿ ಅಂತ ಕೇಳಿದ್ರ ಯಾರು ಖರೇ ಹೇಳ್ತಾರ? ಯಾರಿಗಿ ಸಿವುಡು ಕೊಟ್ರಿ ಅಂತ ಕೇಳು.”

ನಮ್ಮ ಕಡೆಯ ಈ ಪದ್ಧತಿ ನನಗೆ ಗೊತ್ತಿರಲಿಲ್ಲವೆಂದಲ್ಲ. ಕಂಡ ವಿಷಯವಾದ್ದರಿಂದ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಒಬ್ಬನ ಕಣಕಿ ಬಣವಿ ಸುಟ್ಟರೆ, ಮರುದಿನ ಸೂರ್ಯ ಮುಳುಗುವುದರೊಳಗೆ ಎತ್ತು ಕಟ್ಟಿದ ಪ್ರತಿ ಮನೆಯಿಂದ ಐದೈದು ಸಿವುಡು ಮೇವು ಅವನ ಹಿತ್ತಿಲಿಗೆ ಹೋಗಿ ಬೀಳುತ್ತದೆ. ಸಿವುಡೆಂದರೆ ಒಂದು ತೋಳಿಗೆ ಹಿಡಿಯುವಷ್ಟು ಜೋಳದ ದಂಟಿನ ಕಟ್ಟು. ಜಗಳವಾಡಿದವರೂ ಕೊಡಬೇಕು, ಮಾತು ಬಿಟ್ಟವರು ಮಾತಾಡದೆ ಎಸೆದು ಬರುತ್ತಾರೆ.

“ಕೊಟ್ಟಿದ್ದನ್ನ ಹೆಂಗಸರು ಮರೆಯಂಗಿಲ್ಲ,” ಎಂದಳು ಅತ್ತೆ. “ನೋಡು, ಈ ವರ್ಷ ಹೋಳಿ ಆದಮ್ಯಾಲ ಕುಂಬಾರರ ಮನಿಗಿ ಐದು. ಯುಗಾದಿ ಮುಂದ ಬಾಬುಲಾಲನ ಬಣವಿ ಹೋತು, ಅವನಿಗಿ ಐದು. ನನಗ ಕೊಡೂ ಮನಸಿರಲಿಲ್ಲ, ಸಣ್ಣಸಣ್ಣವು ನೋಡಿ ಕೊಟ್ಟೇನಿ. ಹೋದ ವಾರ ಸಗೀರಾನ ಮನಿಗಿ ಐದು. ಮೂರಾತಿಲ್ಲೋ? ಹೋಗು, ಬಾಜೂಮನ್ಯಾಗೂ ಕೇಳು.”

ಕೇಳಿದೆ. ಪಕ್ಕದ ಮನೆಯಲ್ಲಿ ಅದೇ ಮೂರು ಹೆಸರು. ಬಾವಿಯ ಹತ್ತಿರ ಇನ್ನಿಬ್ಬರನ್ನು ಕೇಳಿದೆ. ಅದೇ ಮೂರು, ಬಾಬುಲಾಲನಿಗೆ ಸಣ್ಣವು ಕೊಟ್ಟದ್ದೂ ಸೇರಿ. ನಾಲ್ಕು ಬೇರೆ ಬೇರೆ ಅಳತೆಗಳಿಂದ ಒಂದೇ ಉತ್ತರ ಬಂದಾಗ ಆಗುವ ಸಂತೋಷವನ್ನು ಪ್ರಯೋಗಶಾಲೆಯಲ್ಲಿ ನಿಂತವರು ಬಲ್ಲರು. ನಷ್ಟವನ್ನು ಜನ ಮುಚ್ಚಿಡುತ್ತಾರೆ, ಇಲ್ಲವೆ ಉಬ್ಬಿಸುತ್ತಾರೆ. ಕೊಟ್ಟದ್ದನ್ನು ಮುಚ್ಚಿಡಲು ಯಾರಿಗೂ ಕಾರಣವಿಲ್ಲ. ಉಬ್ಬಿಸಿದರೆ ಪಕ್ಕದವಳು ಬಿಡುವುದಿಲ್ಲ.

ಬಂಡಿಯನ್ನು ಹಿಂದಕ್ಕೆ ತಿರುಗಿಸಿದೆವು. ಮುದ್ದೇಬಿಹಾಳ ತಾಲೂಕಿನ ಊರುಗಳಲ್ಲಿ ಮೂರು, ಎರಡು, ಐದು, ನಾಲ್ಕು ಎಂದು ಬರೆದೆ. ಐದು ಬಂದಾಗ ಕಾಕಾ ನನ್ನ ಮುಖ ನೋಡಿದ.

“ಮದವಿ ಸುದ್ದಿ ಕೇಳಿದಂಗ ನಗಾಕತ್ತೀಯಲ್ಲೋ! ಐದು ಮನಿ ಮೇವು ಸುಟ್ಟೈತಿ.”

ನಿಜವಿತ್ತು. ಬೆಂಕಿ ಹೆಚ್ಚಿದಷ್ಟೂ ನಾಗಪುರ ಹತ್ತಿರವಾಗುತ್ತಿತ್ತು. ಅಂದಿನಿಂದ ಸಂಖ್ಯೆ ಕೇಳುವಾಗ ಮುಖವನ್ನು ವಹಿಯ ಕಡೆ ತಗ್ಗಿಸಿಟ್ಟೆ.

ಆದರೆ ರಾತ್ರಿ ಬಂಡಿಯ ಕೆಳಗೆ ಮಲಗಿ ಲೆಕ್ಕ ಹಾಕಿದರೆ ಉತ್ತರ ನನ್ನ ವಿರುದ್ಧವೇ ಹೋಗುತ್ತಿತ್ತು. ಒಂದು ಬಣವಿಯಲ್ಲಿ ಸುಮಾರು ಮುನ್ನೂರು ಸಿವುಡು. ಐವತ್ತು ಅರವತ್ತು ಮನೆಯವರು ಐದೈದು ಕೊಟ್ಟರೆ ಅಷ್ಟೇ ಆಗುತ್ತದೆ. ಅಂದರೆ ಬೆಂಕಿ ತಿಂದದ್ದನ್ನು ಊರು ಒಂದೇ ದಿನದಲ್ಲಿ ತುಂಬಿಕೊಡುತ್ತದೆ. ನಾನು ಒಂಬೈನೂರಾ ಎಂಬತ್ತು ಖರ್ಚು ಮಾಡಿ ಕಲಿತು ಬಂದು ಉಳಿಸುವುದು ಏನು? ಈ ಪದ್ಧತಿ ಇರುವವರೆಗೆ ನಾಲ್ಕು ತಾಲೂಕಿನಲ್ಲಿ ನನ್ನ ವಿದ್ಯೆಗೆ ಬೆಲೆಯಿಲ್ಲ. ಹೀಗೆಂದು ಬರೆದು ಕೆಳಗೆ ಗೆರೆ ಎಳೆದೆ.

ಮಸೂತಿಯ ಆಚೆಯ ಆ ಊರಿಗೆ ಮತ್ತೆ ಬಂದೆವು. ಗಂಡಸರು ಹೊಲದಲ್ಲಿದ್ದರು. ಮೇಲಿನ ಬಾವಿಯ ಹತ್ತಿರ ಹೆಂಗಸರನ್ನು ಕೇಳಿದೆ. ಅರವತ್ತೊಂದು ಬಣವಿಗಳು ನಾಲ್ಕಕ್ಕೆ ಇಳಿದವು. ನಾಲ್ಕರ ಹೆಸರೂ ಎಲ್ಲರ ಬಾಯಲ್ಲಿ ಒಂದೇ. ಆಮೇಲೆ ಸಿದ್ದಲಿಂಗವ್ವನೆಂಬ ಹೆಣ್ಣುಮಗಳು ಬೆರಳು ಮಡಿಸುತ್ತ ನಿಂತಳು.

“ರುಕ್ಮವ್ವಂದು ಹಿಡೀಬೇಕೇನ್ರಿ?”

“ಆಕಿಗೂ ಸಿವುಡು ಕೊಟ್ರೇನು?”

“ಕೊಟ್ಟೇವ್ರಿ, ಐದೈದು. ಆದ್ರ ಆಕಿಗಿ ದನಾ ಇಲ್ಲ.”

 ನಾವು ಮನೆ ಕೇಳಿಕೊಂಡು ಹೋದೆವು.

ಊರ ಅಂಚಿನಲ್ಲಿ ಹೊಸ ಹುಲ್ಲು ಹೊದಿಸಿದ ಒಂದು ಗುಡಿಸಲು. ಅದರ ಮುಂದೆ ಗುಡಿಸಲಿಗಿಂತ ದೊಡ್ಡದಾದ ಮೇವಿನ ಬಣವಿ. ರುಕ್ಮವ್ವ ನಲವತ್ತರ ಆಸುಪಾಸಿನವಳು, ಕೂಲಿ ಮಾಡುತ್ತಿದ್ದಳು. ಅವಳಿಗೆ ಎತ್ತು, ಎಮ್ಮೆ, ಆಡು ಯಾವುದೂ ಇರಲಿಲ್ಲ. ನಾನು ವಹಿ ತೆಗೆದು, ಏನೇನು ಸುಟ್ಟಿತು ಎಂದು ಕೇಳಿದೆ.

“ಗುಡಿಸಲಾ,” ಎಂದಳು. “ಒಂದು ಕೌದಿ. ನಮ್ಮವ್ವ.”

ನಾನು ಬರೆಯುವುದನ್ನು ನಿಲ್ಲಿಸಿದೆ.

ಅವಳ ತಾಯಿ ಸಾವಂತ್ರವ್ವನಿಗೆ ಎರಡು ವರ್ಷದಿಂದ ಕಾಲು ಬಿದ್ದು ಏಳಲಾಗುತ್ತಿರಲಿಲ್ಲ. ಫೆಬ್ರುವರಿಯಲ್ಲಿ, ಬೆಳಗಿನ ಹೊತ್ತು, ಒಲೆಯಿಂದ ಸೂರಿಗೆ ಹತ್ತಿತು. ರುಕ್ಮವ್ವ ಇದನ್ನು ಬಹಳ ಸಲ ಹೇಳಿದವಳಂತೆ ಹೇಳಿದಳು, ಅಥವಾ ಯಾರೂ ಕೇಳದ್ದರಿಂದ ಒಳಗೇ ಸಾಲುಹಚ್ಚಿ ಇಟ್ಟುಕೊಂಡವಳಂತೆ.

“ಮಂದಿ ಬರ್ಲಿಲ್ಲೇನು?” ಎಂದ ಕಾಕಾ.

“ಊರೆಲ್ಲಾ ಬಂತ್ರಿ. ಎಲ್ಲಾರೂ ಕೊಡಾ ತಗೊಂಡ ಬಂದ್ರು.”

“ಬಾವಿ ಎಷ್ಟು ದೂರ?”

“ಮ್ಯಾಲಿನ ಬಾವಿ ಅಲ್ಲೈತ್ರಿ. ಒಬ್ರ ಕೊಡಾ ಇನ್ನೊಬ್ರು ಮುಟ್ಟಂಗಿಲ್ಲಲ್ಲ. ತಮ್ಮ ತಮ್ಮ ಕೊಡಾ ತಾವ ಸೇದಿ, ತಾವ ಹೊತ್ಕೊಂಡು ಓಡಿ ಬರಾಕತ್ತಿದ್ರು. ಬಾವ್ಯಾಗ ಗದ್ಲ. ಕೊಡಾ ಕೊಡಾ ಬಡದು ಒಡದುವು. ಹತ್ತೋ ಹನ್ನೊಂದೋ ಕೊಡಾ ಬಂದುವು ನೋಡ್ರಿ ಇಲ್ಲಿಮಟ.”

ನಾನು ಎದ್ದು ಹೆಜ್ಜೆಗಳಿಂದ ಅಳೆದೆ. ಬೇರೆ ಏನು ಮಾಡಬೇಕೋ ತಿಳಿಯಲಿಲ್ಲ. ಮೇಲಿನ ಬಾವಿಗೆ ನೂರಾ ಎಂಬತ್ತು ಹೆಜ್ಜೆ. ಕೆಳಗಿನ ಕೇರಿಯ ಬಾವಿಗೆ ಅರವತ್ತು. ಮೇಲಿನದಕ್ಕೆ ಎರಡು ರಾಟೆ. ನಿಮಿಷಕ್ಕೆ ನಾಲ್ಕು ಕೊಡ ಸೇದಬಹುದು. ಜನ ಸಾಲಾಗಿ ನಿಂತು ಕೈಯಿಂದ ಕೈಗೆ ದಾಟಿಸಿದ್ದರೆ ಹದಿನೈದು ನಿಮಿಷದಲ್ಲಿ ಅರವತ್ತು ಕೊಡ. ಹತ್ತಿರದ ಬಾವಿಯೂ ಸೇರಿದ್ದರೆ ನೂರರ ಮೇಲೆ.

“ಕೆಳಗಿನ ಬಾವ್ಯಾಗ ನೀರು ಇರ್ಲಿಲ್ಲೇನು?” ಎಂದೆ.

“ತುಂಬಿತ್ರಿ. ಅದು ಅವರ ಬಾವಿ.”

“ಅವರು ಬರ್ಲಿಲ್ಲೇನು?”

“ಎಲ್ಲಾರಕಿಂತ ಮೊದಲ ಬಂದಿದ್ರು. ಕೊಡಾ ತುಂಬ್ಕೊಂಡು ಆ ಬೇವಿನ ಗಿಡದ ಕೆಳಗ ನಿಂತಿದ್ರು. ತರಬ್ಯಾಡ್ರಿ ಅಂತ ಯಾರೂ ಅನ್ಲಿಲ್ಲ. ತರ್ರಿ ಅಂತನೂ ಅನ್ಲಿಲ್ಲ.”

“ನೀವರ ಅನ್ನಬೇಕಿತ್ತು ಯವ್ವಾ,” ಎಂದ ಕಾಕಾ, ಮೆಲ್ಲಗೆ.

“ನಾ ಒಳಗ ಹೋಗಾಕ ಹೊಂಟಿದ್ನಿ. ನನ್ನ ನಾಕು ಮಂದಿ ಹಿಡ್ಕೊಂಡಿದ್ರು. ಅದಕ್ಕ ಮಾತ್ರ ಯಾರು ಮೇಲು, ಯಾರು ಕೀಳು ನೋಡ್ಲಿಲ್ಲ.”

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ಅಳುತ್ತಿರಲಿಲ್ಲ, ಸೆಕೆಯಿತ್ತು.

“ಮಧ್ಯಾಹ್ನ ಫೌಜದಾರ ಬಂದ್ರಿ. ಮನಷಾ ಸತ್ತೈತಲ್ಲ, ಬರಲೇಬೇಕು. ತೊಲಿ ಇನ್ನೂ ಹೊಗಿ ಆಡಾಕತ್ತಿತ್ತು. ಖಾಕಿ ಹಾಕಿದ್ದ, ಬೂಟಿತ್ತು. ಏ, ಸಾಲಹಚ್ಚಿ ನಿಂದರ್ರಿ, ಆ ಕೊಡಾ ಹಿಂಗ ದಾಟಸ್ರಿ ಅಂದ. ಎಲ್ಲಾರೂ ನಿಂತ್ರು. ಬೇವಿನ ಗಿಡದಾವ್ರು, ಗೌಡರ ಮನ್ಯಾವ್ರು, ಎಲ್ಲಾರೂ. ಯಾರ ಕೊಡಾ ಯಾರ ಕೈಯಾಗ ಅಂತ ಯಾರಿಗೂ ನೆನಪಾಗ್ಲಿಲ್ಲ. ಮೂರು ತೊಲಿ ಉಳದುವು.”

ಮೇವಿನ ಕಡೆ ಕೈ ಮಾಡಿದಳು. “ಮರುದಿನ ಇದು ಬಂತು. ಬೆಂಕಿ ಬಿದ್ರ ಸಿವುಡು ಕೊಡಬೇಕಲ್ರಿ, ಕೊಟ್ರು. ಮಾರಾಕ ಬರಂಗಿಲ್ಲ, ಕೊಟ್ಟಿದ್ದು. ತಿನ್ನಾಕ ನನಗ ಬರಂಗಿಲ್ಲ. ನಿಮ್ಮ ಎತ್ತಿಗಿ ಹಾಕ್ರಿ.”

ಕಾಕಾ ಬೇಡವೆಂದ. ಅವಳು ಎರಡು ಸಿವುಡು ಎಳೆದು ತಾನೇ ಎತ್ತುಗಳ ಮುಂದೆ ಹಾಕಿದಳು. ಬಿಳ್ಯಾ ಮತ್ತು ಮೋತ್ಯಾ ತಿಂದವು. ಅವು ತಿನ್ನುವುದನ್ನು ರುಕ್ಮವ್ವ ನಿಂತು ನೋಡಿದಳು; ಕೊನೆಗೂ ಆ ಮೇವಿಗೊಂದು ಉಪಯೋಗವಾಯಿತು ಎನ್ನುವಂತೆ.

ತಂಗಡಗಿ ಬಿಡುವಾಗ ವಹಿಯಲ್ಲಿ ‘ಬೆಂಕಿ’ ಎಂಬುದರ ವ್ಯಾಖ್ಯೆ ಬರೆದುಕೊಂಡಿದ್ದೆ: ಸಿವುಡು ಕೊಟ್ಟು ತುಂಬಿದ ಬಣವಿಯ ನಷ್ಟ. ರುಕ್ಮವ್ವನ ಮನೆಯಲ್ಲಿ ಬಣವಿ ಸುಟ್ಟಿರಲಿಲ್ಲ. ಬಹಳ ಹೊತ್ತು ಯೋಚಿಸಿ, ಆ ಊರಿನ ಮುಂದೆ ನಾಲ್ಕು ಎಂದೇ ಬರೆದೆ.

ಇಂಡಿಯ ಕಡೆಯ ಊರುಗಳಿಗೂ ಮತ್ತೆ ಹೋದೆವು. ಯಂಕಪ್ಪನ ಹೆಂಡತಿ ಮೂರು ಎಂದಳು. ಅದರಲ್ಲಿ ಒಂದು ತಮ್ಮದೇ ಎಂದಳು. ಯಂಕಪ್ಪ ಅಲ್ಲೇ ಕೂತು, ನೆರಳನ್ನು ನೋಡುತ್ತಿದ್ದ. ದಾರಿಯುದ್ದಕ್ಕೂ ಕಾಕಾ ನನ್ನನ್ನು ಗೇಲಿ ಮಾಡಲಿಲ್ಲ. ಅದರಿಂದ ಪ್ರಯಾಣ ಉದ್ದವಾಯಿತು.

ಮೇ ಇಪ್ಪತ್ತೊಂಬತ್ತಕ್ಕೆ ಸಿಂದಗಿ ಮುಟ್ಟಿದೆವು. ಆಯಿ ಅದೇ ಜಾಗದಲ್ಲಿ, ಅದೇ ಮೊರದ ಮುಂದೆ ಇದ್ದಳು. ನಾನು ವಹಿ ತೆಗೆದು ಓದಿದೆ. ಹನ್ನೆರಡು ಊರು. ಒಂದು ವರ್ಷದಲ್ಲಿ ನಲವತ್ತೆರಡು ಬೆಂಕಿ. ಊರಿಗೆ ಸರಾಸರಿ ಮೂರೂವರೆ.

“ಇದು ಭಾಳ ಆತೋ, ಕಡಿಮಿ ಆತೋ?”

ಭಾಳ ಎಂದರೆ ಎತ್ತು ಮಾರುತ್ತಿದ್ದಳು. ಅವಳಿಗೆ ಲೆಕ್ಕವನ್ನು ಪರೀಕ್ಷಿಸುವ ಸಾಧನವಿರಲಿಲ್ಲ. ಆದ್ದರಿಂದಲೇ ಸುಳ್ಳು ಹೇಳಲು ನನಗೆ ಆಗಲಿಲ್ಲ.

“ಕಡಿಮಿ ಆತು ಆಯಿ. ಸುಟ್ಟಿದ್ದನ್ನೆಲ್ಲಾ ಸಿವುಡು ಕೊಟ್ಟು ಊರಾಗ ತುಂಬ್ಕೊಂತಾರ. ನಷ್ಟ ಉಳ್ಯಂಗಿಲ್ಲ. ಇಲ್ಲಿ ನನ್ನ ಡಿಗ್ರಿಗಿ ಕೆಲಸಿಲ್ಲ. ನಾಳೆ ಪರಮಾನಂದ ಮಾಸ್ತರಿಗಿ ಬರ್ತೇನಿ ಅಂತ ಬರೀತೇನಿ.”

ಆಯಿ ತಲೆಯಾಡಿಸಿದಳು. ಎತ್ತು ಉಳಿದವು. ಕಾಕಾ ಹೊಸ್ತಿಲಲ್ಲಿ ಕೂತು ಕಾಲಿನ ಧೂಳು ಜಾಡಿಸುತ್ತಿದ್ದ. ಅವನು ಅಲ್ಲಿಗೆ ಸುಮ್ಮನಿದ್ದಿದ್ದರೆ ಅವನ ಬಂಡಿ ಅವನ ಹತ್ತಿರವೇ ಉಳಿಯುತ್ತಿತ್ತು.

“ಅವ್ವಾ,” ಎಂದ. “ಒಂದು ಎಣಸಾಕ ಬಿಟ್ಟಾನಿವ.”

ಮತ್ತು ರುಕ್ಮವ್ವನ ಸುದ್ದಿ ಹೇಳಿದ. ಎರಡು ಬಾವಿ, ಬೇವಿನ ಗಿಡ, ಹನ್ನೊಂದು ಕೊಡ, ಫೌಜದಾರ, ಮೇವು ಎಲ್ಲವನ್ನೂ ನನಗಿಂತ ಕಡಿಮೆ ಮಾತಿನಲ್ಲಿ, ಒಂದನ್ನೂ ಬಿಡದೆ ಹೇಳಿದ.

ಆಯಿ ಬಹಳ ಹೊತ್ತು ತೊಗರಿಯಲ್ಲಿ ಕೈಯಾಡಿಸಿದಳು. ಹರಳೇನೂ ಸಿಗಲಿಲ್ಲ.

“ಯಾಕ ಬಿಟ್ಟಿ ಅದನ್ನ?” ಎಂದು ನನ್ನನ್ನು ಕೇಳಿದಳು.

“ಅಲ್ಲಿ ಬಣವಿ ಸುಟ್ಟಿರ್ಲಿಲ್ಲ ಆಯಿ.”

ಹೇಳಿದ ಮೇಲೆ ಆ ಮಾತು ನನ್ನ ಕಿವಿಗೂ ಬಿತ್ತು.

“ಖಾಕಿಗಿ ಎಷ್ಟಂದಿದ್ದಿ?”

“ನೂರಾ ಇಪ್ಪತ್ತು.”

“ಉಳದದ್ದು?”

“ಎಂಟುನೂರಾ ಅರವತ್ತು.”

“ಬೆಂಕಿ ಬಟ್ಟಿ ನೋಡಂಗಿಲ್ಲ ಅಂದಿದ್ನಿ. ಮಂದಿ ನೋಡ್ತಾರ.” ಅವಳು ಮೊರವನ್ನು ಎತ್ತಿ ಒಮ್ಮೆ ಕೇರಿದಳು. “ನೀರು ಐತಿ, ಬಾವಿ ಐತಿ, ಕೊಡಾ ಐತಿ. ಏ, ಸಾಲಹಚ್ಚಿ ನಿಂದರ್ರಿ ಅನ್ನಾವ್ರಿಲ್ಲ. ಬಂಡಿ ಹೊಡ್ಯಾವ್ರ ಮಗಾ ಹಂಗ ಅಂದ್ರ ಯಾರು ನಿಂದರ್ತಾರ? ಬಟ್ಟಿಗಿ ನೂರಾ ಇಪ್ಪತ್ತು. ಉಳದ ಎಂಟುನೂರಾ ಅರವತ್ತು ಅದನ್ನ ಹಾಕ್ಕೊಳ್ಳಾಕ ಹಕ್ಕು ತಗೋಳೂ ರೊಕ್ಕ. ಅಲ್ಲೇನು?”

ನಾಲ್ಕು ವರ್ಷದ ಕಾಲೇಜು, ಹದಿನೈದಿಪ್ಪತ್ತು ದಿನದ ತಿರುಗಾಟ, ಒಂದು ವಹಿ. ಇಷ್ಟಾದರೂ ನಾನು ಖರ್ಚನ್ನು ಹೀಗೆ ಭಾಗ ಮಾಡಿ ನೋಡಿರಲಿಲ್ಲ.

“ಇಲ್ಲಿ ನೌಕರಿ ಕೊಡಾವ್ರು ಯಾರೂ ಇಲ್ಲ ಆಯಿ,” ಎಂದೆ. ಅದನ್ನೂ ಹೇಳಬೇಕಿತ್ತು. “ಮುಂಬೈಗೇ ಹೋಗಬೇಕಾಗ್ತೈತಿ.”

“ಊರಿಗಿ ಬರಾಕ ಸೂಟಿ ಕೊಡ್ತಾರಿಲ್ಲೋ ಅಲ್ಲಿ?”

“ಕೊಡ್ತಾರ.”

“ಬರೂಮುಂದ ಅದನ್ನ ಹಾಕ್ಕೊಂಡು ಬಾ. ಬೂಟು ಸುದ್ಧಾ. ಬಂದು, ಊರೂರಿಗಿ ಹೋಗಿ ಒಂದ್ಸಲ ಸಾಲಹಚ್ಚಿ ನಿಂದ್ರಸು. ಮ್ಯಾಲಿನ ಬಾವಿ, ಕೆಳಗಿನ ಬಾವಿ, ಎಲ್ಲಾರನೂ. ಬೆಂಕಿ ಬೀಳೂಕಿಂತ ಮೊದಲ.” ಆಮೇಲೆ ಮಗನ ಕಡೆ ತಿರುಗಿದಳು. “ಸಂತಿ ಯಾವಾಗ ಐತಿ?”

“ಐತವಾರ.”

“ಹೊಡ್ಕೊಂಡು ಹೋಗು.”

ಅಂದು ಸಂಜೆ ಎತ್ತುಗಳಿಗೆ ಮೇವು ಹಾಕುತ್ತಿದ್ದ ಕಾಕಾನ ಹತ್ತಿರ ಹೋಗಿ ನಿಂತೆ. ಯಾಕೆ ಹೇಳಿದೆ ಎಂದು ಕೇಳಲು ಹೋದವನು, “ಇನ್ನ ನೀ ಏನ್ ಮಾಡ್ತೀ ಕಾಕಾ?” ಎಂದೆ.

“ಜಿನ್ನಿನಾಗ ಹಮಾಲಿ. ಎತ್ತಿಗಿಂತ ಹಮಾಲರಿಗಿ ಮೇವು ಕಡಿಮಿ ಹತ್ತೈತಿ.” ಮೋತ್ಯಾನ ಬೆನ್ನಿಗೊಂದು ಏಟು ಕೊಟ್ಟ. “ಆಕಿ ಮನಿ ಮೇವು ಇವು ತಿಂದಾವಲ್ಲೋ.”

ಐತವಾರ ಸಂತೆಯಲ್ಲಿ ಕೊಳ್ಳುವವನೊಬ್ಬ ಎತ್ತುಗಳ ಹಲ್ಲು ನೋಡಿದ, ಗೊರಸು ನೋಡಿದ, ಬಾಲ ಹಿಡಿದು ನಡೆಸಿ ನೋಡಿದ. ಟವೆಲಿನ ಕೆಳಗೆ ಬೆರಳು ಹಿಡಿದು ದರ ಮಾಡಿದರು. ಒಂಬೈನೂರಾ ಎಂಬತ್ತಕ್ಕಿಂತ ಕೆಳಗೆ ಕಾಕಾ ಒಂದು ಬೆರಳನ್ನೂ ಸಡಿಲಿಸಲಿಲ್ಲ. ಎಂಥ ಎತ್ತಿಗೂ ಒಂದು ದೋಷ ಇರಲೇಬೇಕೆಂದು ಆ ಮನುಷ್ಯ ನಂಬಿದ್ದ. ಸಿಗದ್ದರಿಂದ ಅವನಿಗೆ ಅನುಮಾನ ಹೆಚ್ಚಾಯಿತು.

“ಇಂಥಾ ಛಲೋ ಜೋಡಿ, ಬಿತ್ತಿಗಿ ಮುಂದ ಯಾಕ ಮಾರಾಕತ್ತೀರಿ?” ಎಂದು ಕೇಳಿದ.

“ಬೆಂಕಿ ಆರಿಸೂದೈತ್ರಿ,” ಎಂದ ಕಾಕಾ.

ಆ ಮನುಷ್ಯ ಗಾಬರಿಯಾಗಿ ಸುತ್ತ ನೋಡಿದ. “ಎಲ್ಲಿ ಬಿದ್ದೈತಿ?”

“ಇನ್ನೂ ಬಿದ್ದಿಲ್ರಿ,” ಎಂದು ಕಾಕಾ ಎತ್ತಿನ ಹಗ್ಗವನ್ನು ಅವನ ಕೈಗೆ ಕೊಟ್ಟ.